ಮೇಜಿನ ಮೇಲೊಂದು ಗಣಿ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ತನ್ನ ಮಾದರಿ ರೈಲಿಗೊಂದು ಗಣಿ ಬೇಕೆನ್ನುವ ಹವ್ಯಾಸಿಗೆ ಸಂಡೂರು ಸೀಮೆಯೇ ಸಾಕು. 1977ರಲ್ಲಿ ಆರಂಭವಾದ ದೋಣಿಮಲೈ ಕಬ್ಬಿಣದ ಅದಿರಿನ ಗಣಿಯಾಗಲಿ, ಜಾರ್ಖಂಡದ ಕಲ್ಲಿದ್ದಲು ಗಣಿಯಾಗಲಿ, ಹಳಿಯ ಲೆಕ್ಕ ಒಂದೇ: ವ್ಯಾಗನ್ ಖಾಲಿ ಬರಬೇಕು, ತುಂಬಿ ಹೋಗಬೇಕು.

ಹೊಸಬರು ಸಾಮಾನ್ಯವಾಗಿ ಸರಕು ತುಂಬುವ ಕಟ್ಟಡವನ್ನು ಹಳಿಯ ತುದಿಯಲ್ಲಿ ಕೂರಿಸುತ್ತಾರೆ. ನೋಡಲು ಚೆಂದವೇ. ಆದರೆ ಮೊದಲ ವ್ಯಾಗನ್ ತುಂಬಿದ ಮೇಲೆ ಮುಂದೆ ಸರಿಯಲು ಜಾಗವೆಲ್ಲಿ? ಕಟ್ಟಡ ನಡುವೆ ಇರಬೇಕು. ಒಂದು ಬದಿಗೆ ಖಾಲಿ ಗಾಡಿಯಷ್ಟು ಹಳಿ, ಇನ್ನೊಂದು ಬದಿಗೆ ತುಂಬಿದ ಗಾಡಿಯಷ್ಟು. ಹಳೆಯ ಕಲ್ಲಿದ್ದಲು ಗಣಿಗಳಲ್ಲಿ ಖಾಲಿ ಬದಿಯನ್ನು ತುಸು ಎತ್ತರಿಸಿರುತ್ತಿದ್ದರು. ಬ್ರೇಕ್ ಸಡಿಲಿಸಿದರೆ ಸಾಕು, ವ್ಯಾಗನ್ ಎಂಜಿನ್ನಿನ ಹಂಗಿಲ್ಲದೆ ಉರುಳಿ ಬರುತ್ತಿತ್ತು.

ತೊಡಕಿರುವುದು ಉದ್ದದಲ್ಲಿ. ನಮ್ಮ ರೈಲ್ವೆಯ ‘ಬಾಕ್ಸ್‌ಎನ್’ ವ್ಯಾಗನ್ ಸುಮಾರು 10.7 ಮೀಟರ್ ಉದ್ದ. 58 ವ್ಯಾಗನ್ನುಗಳೆಂದರೆ 620 ಮೀಟರ್. 87ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೂ 7 ಮೀಟರ್, ಎರಡೂ ಬದಿ ಸೇರಿ 14! ಅಷ್ಟು ದೊಡ್ಡ ಕೋಣೆ ಎಷ್ಟು ಮನೆಗಳಲ್ಲಿದೆ? 8 ವ್ಯಾಗನ್ನುಗಳಿಗೆ ಇಳಿಸಿದರೆ ಬದಿಗೊಂದು ಮೀಟರ್ ಸಾಕು. ವ್ಯಾಗನ್ ಎಷ್ಟೇ ಕಡಿಮೆಯಾಗಲಿ, ಎರಡು ಬದಿಯ ಉದ್ದ ಮಾತ್ರ ಸಮನಾಗಿರಬೇಕು.

ಇನ್ನು ಎಂಜಿನ್. ಗಾಡಿಯನ್ನು ಎಳೆದುಕೊಂಡು ಬಂದ ಅದು ಕೊನೆಗೆ ಹಳಿಯ ಮುಚ್ಚಿದ ತುದಿಯಲ್ಲಿ ಸಿಕ್ಕಿಬೀಳುತ್ತದೆ. ಸುತ್ತಿಬಂದು ಗಾಡಿಯ ಇನ್ನೊಂದು ತುದಿ ಹಿಡಿಯಲು ಪಕ್ಕದಲ್ಲೊಂದು ಹಳಿ ಬೇಕು. ಎರಡು ಹಳಿ ಕೂಡುವಲ್ಲಿಂದಾಚೆ ಎಂಜಿನ್ ನಿಲ್ಲುವಷ್ಟು ಜಾಗವನ್ನೂ ಉಳಿಸಿರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಅದನ್ನು ಕೈಯಲ್ಲಿ ಎತ್ತಿಡಬೇಕಾದೀತು.