ಕಲ್ಲು ಬಿತ್ತಿದ ಹಿತ್ತಿಲು

ಬೆಳಗಾವಿ ಖಾಸಬಾಗದ ನಮ್ಮ ಓಣಿಯಲ್ಲಿ ಬೆಳಗಾಯಿತೆಂದರೆ ಮಗ್ಗದ ಸದ್ದು. ಆ ಸದ್ದಿನ ನಡುವೆ ನಾನು ಹಿತ್ತಿಲಿಗೆ ಜಂಬಿಟ್ಟಿಗೆ ಕಲ್ಲು ಹೊತ್ತು ಹಾಕುತ್ತಿದ್ದಾಗ ಪಕ್ಕದ ಮನೆಯ ನೇಕಾರ ಅಜ್ಜ ಗೋಡೆಯಾಚೆಯಿಂದ ಹಣಿಕಿ, ‘ಏನ್ ತಮ್ಮಾ, ಈ ಸಲ ಕಲ್ಲು ಬಿತ್ತಾಕತ್ತಿಯೇನು?’ ಎಂದರು. ಹೌದ್ರಿ ಅಜ್ಜಾರ ಅಂದೆ. ಅದು ಪೂರಾ ಸುಳ್ಳೂ ಆಗಿರಲಿಲ್ಲ.

ರಾಕ್ ಗಾರ್ಡನ್ ಎಂದರೆ ನಮ್ಮ ಕಡೆಯವರಿಗೆ ಥಟ್ಟನೆ ನೆನಪಾಗುವುದು ಶಿಗ್ಗಾವಿ ಹತ್ತಿರದ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್, ಇಲ್ಲವೇ ಆಲಮಟ್ಟಿ. ಗೊಟಗೋಡಿಗೆ ಜನ ಹೋಗುವುದು ಶಿಲ್ಪ ನೋಡಲು. ನಾನು ಹೇಳುತ್ತಿರುವ ಕಸುಬು ಬೇರೆ. ಇದರಲ್ಲಿ ಗಿಡ ಯಜಮಾನ, ಕಲ್ಲು ಅದರ ಆಳು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1882ರಲ್ಲೇ ಇಂಥ ಕಲ್ಲುತೋಟ ಎದ್ದಿತು. ರೆಜಿನಾಲ್ಡ್ ಫ್ಯಾರರ್ ಎಂಬಾತ 1907ರಲ್ಲಿ ‘ಮೈ ರಾಕ್ ಗಾರ್ಡನ್’ ಬರೆದು ಈ ಹುಚ್ಚನ್ನು ಇಂಗ್ಲೆಂಡಿನ ಹಿತ್ತಿಲುಗಳಿಗೆ ಹಬ್ಬಿಸಿದ. ಗಿಡ ಹುಡುಕುತ್ತ ಹೋದವನು 1920ರಲ್ಲಿ ಬರ್ಮಾದ ಬೆಟ್ಟಗಳಲ್ಲೇ ತೀರಿಕೊಂಡ.

ಇಂಗ್ಲೆಂಡಿನವರ ಕಲ್ಲುತೋಟದ ಮುದ್ದಿನ ಗಿಡ ಸ್ಯಾಕ್ಸಿಫ್ರೇಜ್. ಲ್ಯಾಟಿನ್ನಿನಲ್ಲಿ ಆ ಹೆಸರಿನ ಅರ್ಥ ಕಲ್ಲೊಡೆಯುವುದು ಎಂದು. ನಮ್ಮ ಆಯುರ್ವೇದದ ‘ಪಾಷಾಣಭೇದ’ಕ್ಕೂ ಅದೇ ಅರ್ಥ. ಮೂತ್ರಕೋಶದ ಕಲ್ಲಿಗೆ ಕೊಡುವ ಆ ಹಿಮಾಲಯದ ಬೇರು ಇದೇ ಸ್ಯಾಕ್ಸಿಫ್ರೇಜ್ ಕುಟುಂಬದ್ದು. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಬಳಗಕ್ಕೆ ಒಂದೇ ಹೆಸರಿಟ್ಟಿವೆ ಎಂಬ ಖುಷಿಯಲ್ಲಿ ನಾನೂ ಒಮ್ಮೆ ಆಲ್ಪ್ಸ್ ಬೆಟ್ಟದ ಸ್ಯಾಕ್ಸಿಫ್ರೇಜ್ ಬೀಜ ತರಿಸಿದ್ದೆ. ಹತ್ತಾರು ಸಸಿ ಎದ್ದವು. ಅವು ಬಿಸಿಲಿಗೆ ಸಾಯುತ್ತವೆಂದು ನೆರಳು ಕಟ್ಟಿ ಕಾದೆ. ಸತ್ತದ್ದು ಬಿಸಿಲಿಗಲ್ಲ, ಆಷಾಢದ ಜಿಟಿಜಿಟಿಗೆ. ಬುಡ ಕೊಳೆತು ಒಂದೇ ವಾರದಲ್ಲಿ ಎಲ್ಲ ಮುಗಿಯಿತು.

ಕಾರಣ ಆಮೇಲೆ ಹೊಳೆಯಿತು. ಆಲ್ಪ್ಸ್ ಗಿಡ ಚಳಿಗಾಲವಿಡೀ ಹಿಮದ ಕಂಬಳಿ ಹೊದ್ದು ಮಲಗುತ್ತದೆ. ಬೇರಿಗೆ ತಂಪು ಬೇಕು, ಆದರೆ ನೀರು ನಿಲ್ಲಬಾರದು. ಬೆಚ್ಚಗಿನ ತೇವ ಅದಕ್ಕೆ ವಿಷ. ಕ್ಯೂ ಉದ್ಯಾನದವರು 2006ರಲ್ಲಿ ಈ ಗಿಡಗಳಿಗೆಂದೇ ಹೊಸ ಗಾಜಿನ ಮನೆ ತೆರೆದರು. ನೆಲದಡಿಯ ಕಾಂಕ್ರೀಟ್ ಸುರಂಗಗಳಲ್ಲಿ ಗಾಳಿ ಹಾಯಿಸಿ ತಂಪು ಮಾಡುತ್ತಾರೆ. ಲಂಡನ್ನಿನಲ್ಲೇ ಇಷ್ಟು ಉಪಚಾರ ಬೇಕಾದರೆ ಖಾಸಬಾಗದ ಗತಿಯೇನು!

ಆದರೆ ಕಲ್ಲಿನ ಮೇಲೆ ಬದುಕಿ, ವರ್ಷದ ಅರ್ಧ ಮಲಗಿ ಕಳೆಯುವ ಹೂಗಿಡಗಳು ನಮ್ಮಲ್ಲೇ ಇವೆ. ಖಾನಾಪುರ ದಾಟಿ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಮುಂದೆ ಚೋರ್ಲಾ ಘಾಟಿನ ಕಡೆ ಹೋದರೆ ಜಂಬಿಟ್ಟಿಗೆಯ ಬೋಳು ಹಾಸು ಸಿಗುತ್ತದೆ. ಏಪ್ರಿಲ್‌ನಲ್ಲಿ ಅದು ಕಾದ ಹಂಚು. ಮಿರ್ಗದ ಮಳೆ ಬಿದ್ದು ಕೆಲವು ವಾರ ಕಳೆಯಲಿ, ಬೆರಳುದ್ದ ಮಣ್ಣಿಲ್ಲದ ಕಲ್ಲಿನ ಮೇಲೆ ನೇರಳೆ, ಬಿಳಿ, ಹಳದಿ ಹೂ. ಕೀಟ ಹಿಡಿಯುವ ಯುಟ್ರಿಕ್ಯುಲೇರಿಯಾ ಅಲ್ಲೇ ಬೆಳೆಯುತ್ತದೆ. ಕಲ್ಲಿನಲ್ಲಿ ಸತ್ವವಿಲ್ಲದ್ದಕ್ಕೇ ಅದು ಬೇಟೆಗಿಳಿದಿದೆ. ಸಾತಾರಾದ ಕಾಸ್ ಬಯಲಿಗೆ ಬಸ್ ಮಾಡಿಕೊಂಡು ಹೋಗುವ ನಮ್ಮವರು ಇದನ್ನು ಕಾರಿನ ಗಾಜಿನಿಂದಲೂ ನೋಡುವುದಿಲ್ಲ. ಆಲ್ಪ್ಸ್ ಗಿಡಗಳಿಗೆ ಹಿಮವೇ ನಿದ್ದೆ, ಇಲ್ಲಿಯವಕ್ಕೆ ಬೇಸಿಗೆಯೇ ನಿದ್ದೆ. ಇಷ್ಟು ತಿಳಿದರೆ ಕಸುಬಿನ ಅರ್ಧ ಬಂದಂತೆ.

ನನ್ನ ಆಯ್ಕೆ ಕಲ್ಲು ಬಿಗೋನಿಯಾ, ಶಾಸ್ತ್ರದ ಹೆಸರು ಬಿಗೋನಿಯಾ ಕ್ರೆನಾಟಾ. ಗೇಣಿಗಿಂತ ಚಿಕ್ಕದು, ರಸ ತುಂಬಿದ ಎಲೆ, ಅಂಚಿನಲ್ಲಿ ಕಚ್ಚು, ತಿಳಿ ಗುಲಾಬಿ ಹೂ. ಖಾನಾಪುರದಲ್ಲಿ ಪರಿಚಯದವರು ಪಾಚಿಗಟ್ಟಿದ ಹಳೆಯ ಗೋಡೆ ಕೆಡವುವಾಗ ಸಂದಿಯಲ್ಲಿ ಕಡಲೆಯಷ್ಟು ಗೆಡ್ಡೆಗಳು ಸಿಕ್ಕವು. ಅವರಿಗೆ ಕಸ, ನನಗೆ ಬಂಗಾರ.

ಕಟ್ಟುವ ಕ್ರಮ ಹೀಗೆ. ಪೂರ್ವಕ್ಕೆ ಮುಖವಾದ ಜಾಗ ಬೇಕು. ಎಳೆ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ತಳಕ್ಕೆ ಒಡೆದ ಹೆಂಚಿನ ಚೂರು. ಹೆಂಚಿಗೂ ಮಡಕೆಗೂ ಹೆಸರಾದ ಖಾನಾಪುರ ಪಕ್ಕದಲ್ಲೇ ಇರುವಾಗ ಇದಕ್ಕೆ ಬರವಿಲ್ಲ. ಮೇಲೆ ಜಂಬಿಟ್ಟಿಗೆ ಪುಡಿ, ಮರಳು, ಕೊಳೆತ ಎಲೆ. ಕಲ್ಲನ್ನು ಮಣ್ಣಿನ ಮೇಲೆ ಇಡಬೇಡಿ, ಮೂರರಲ್ಲೊಂದು ಪಾಲು ಹೂಳಿ, ತುಸು ಹಿಂದಕ್ಕೆ ವಾಲಿಸಿ. ಮಳೆನೀರು ಹೊರಗೆ ಜಾರದೆ ಒಳಗೆ ಬೇರಿನ ಕಡೆ ಇಳಿಯುತ್ತದೆ, ತೂತು ತೂತಾದ ಕಲ್ಲು ಅದನ್ನು ಕುಡಿದಿಟ್ಟುಕೊಂಡು ಕೊಡುತ್ತದೆ. ಈ ಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ನೆಲದಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದನ್ನು ಕಂಡು ಲ್ಯಾಟಿನ್ನಿನ ‘ಇಟ್ಟಿಗೆ’ಯಿಂದ ಹೆಸರು ತೆಗೆದ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಕೇಳಿಸುತ್ತದೆ.

ಸಗಣಿ ಗೊಬ್ಬರ ಮಾತ್ರ ಹಾಕಬೇಡಿ. ಮೊದಲ ವರ್ಷ ನಾನು ಪ್ರೀತಿಯಿಂದ ಎರಡು ಬೊಗಸೆ ಹಾಕಿದೆ, ಎದ್ದದ್ದೆಲ್ಲ ಹುಲ್ಲು.

ರೋಹಿಣಿ ಮಳೆಗೆ ಗೆಡ್ಡೆ ಕಣ್ಣು ಬಿಡುತ್ತದೆ. ಗಣಪತಿ ಹಬ್ಬದ ಹೊತ್ತಿಗೆ ಕಲ್ಲು ಕಾಣದಷ್ಟು ಹೂ. ದೀಪಾವಳಿಗೆ ಎಲೆ ಹಳದಿಯಾಗಿ ಗಿಡ ಕರಗುತ್ತದೆ. ಕಷ್ಟದ ಕೆಲಸ ಶುರುವಾಗುವುದು ಆಗ: ನೀರು ಹಾಕದೆ ಇರುವುದು. ಮನೆಗೆ ಬಂದವರೆಲ್ಲ ಒಣಗಿದ ಕಲ್ಲು ಕಂಡು ಕನಿಕರದಿಂದ ಒಂದು ಚರಿಗೆ ಸುರಿಯಲು ಹೊರಡುತ್ತಾರೆ. ಹಾಗೆ ಸುರಿದ ನೀರಿಗೆ ಒಂದು ಬೇಸಿಗೆಯಲ್ಲಿ ನನ್ನ ಅರ್ಧ ಗೆಡ್ಡೆ ಕೊಳೆತವು. ಈಗ ಆರು ತಿಂಗಳು ಅದರ ಮೇಲೊಂದು ತಗಡು ಮುಚ್ಚಿಬಿಡುತ್ತೇನೆ.

ಒಂದು ಕೋರಿಕೆ. ಗಿಡ ಬೇಕೆಂದು ಕಣಕುಂಬಿಯ ಹಾಸು ಕೆದಕಬೇಡಿ. ಆ ಕಡೆಯ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಧಾಮವಾದ ಮೇಲೆ ಅದರೊಳಗೆ ಗಿಡ ಕೀಳುವುದು ಅಪರಾಧವೂ ಹೌದು. ಕೆಡವುವ ಹಳೆಯ ಗೋಡೆಗಳ ಮೇಲೆ ಕಣ್ಣಿಡಿ, ಬೆಳೆಸಿದವರ ಹತ್ತಿರ ಕೇಳಿ. ನನ್ನ ಹತ್ತಿರ ಬರುವವರು ದೀಪಾವಳಿ ಕಳೆದ ಮೇಲೆ ಬನ್ನಿ. ಮೊದಲೇ ಬಂದರೆ ಹೂ ನೋಡಿ ಚಹಾ ಕುಡಿದು ಹೋಗಬಹುದು, ಗೆಡ್ಡೆ ಕೊಡುವುದಿಲ್ಲ.