ಒಗೆಯೋದು ಮೆಷಿನ್ನು, ವಿಂಗಡಿಸೋದು ಯಾರು?

ವಾಷಿಂಗ್ ಮೆಷಿನ್ ಬಂತಲ್ಲ, ಇನ್ನೇನು ಕೆಲಸ ಅನ್ನೋ ಮಾತು ನಮ್ಮ ಮನೆಗಳಲ್ಲಿ ಮಾಮೂಲು. ಮೆಷಿನ್ ಒಗೆಯುತ್ತೆ, ಹಿಂಡುತ್ತೆ, ನಿಜ. ಆದರೆ ಬಿಳಿ ಬಟ್ಟೆ ಬೇರೆ ಮಾಡೋದು, ಬಣ್ಣ ಬಿಡೋ ಹೊಸ ಚೂಡಿದಾರ್ ಎತ್ತಿಡೋದು, ಪ್ಯಾಂಟಿನ ಜೇಬು ತಡಕೋದು, ಸೋಮವಾರದೊಳಗೆ ಯೂನಿಫಾರ್ಮ್ ಒಣಗುತ್ತಾ ಅಂತ ಲೆಕ್ಕ ಹಾಕೋದು ಅದಕ್ಕೆ ಬರಲ್ಲ. ಅದನ್ನೆಲ್ಲ ಸಾಮಾನ್ಯವಾಗಿ ಹೆಂಗಸರೇ ಮಾಡುತ್ತಾರೆ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ.

ಬಟ್ಟೆಯ ಮಟ್ಟಿಗೆ ನಾನು ಹೇಳೋ ದಾರಿ ಸುಲಭದ್ದು. ಬಚ್ಚಲುಮನೆ ಹತ್ತಿರ ಮೂರು ಬುಟ್ಟಿ ಇಡಿ: ಒಂದು ಬಿಳಿಗೆ, ಒಂದು ಬಣ್ಣದ್ದಕ್ಕೆ, ಇನ್ನೊಂದು ಟವೆಲ್‌ಗೆ. ಟವೆಲ್ ಬೇರೆ ಯಾಕೆಂದರೆ ಅದರ ನೂಲಿನ ಜುಂಗು ಕಪ್ಪು ಬಟ್ಟೆಗೆ ಅಂಟಿಕೊಳ್ಳುತ್ತೆ. ಬಣ್ಣ ಬಿಡೋದನ್ನು ಮಾತ್ರ ಬಕೆಟ್ಟಿನಲ್ಲಿ ಬೇರೆಯಾಗಿ ಒಗೆಯಿರಿ. ಬಟ್ಟೆ ಬಿಚ್ಚಿದವರೇ ಜೇಬು ನೋಡಿ ಸರಿಯಾದ ಬುಟ್ಟಿಗೆ ಹಾಕಬೇಕು. ಯಾವ ಬುಟ್ಟಿ ತುಂಬುತ್ತೋ ಅದು ಮೆಷಿನ್ನಿಗೆ.

ಬುಟ್ಟಿ ಒಂದೇ ಆದರೆ ವಿಂಗಡಣೆ ಒಬ್ಬರ ತಲೆಗೆ ಬೀಳುತ್ತೆ. ಮೂರಾದರೆ ಆ ಕೆಲಸ ಮನೆಮಂದಿಗೆಲ್ಲ ಹಂಚಿಹೋಗುತ್ತೆ. ಐದು ವರ್ಷದ ಮಗುವೂ ಬಿಳಿ ಯಾವುದು, ಬಣ್ಣದ್ದು ಯಾವುದು ಅಂತ ಹೇಳಬಲ್ಲದು. ಗಂಡಸರಿಗೆ ಕಷ್ಟವಾಗಬಾರದು.