ಮೊದಲು ಒಂದು ದೀಪ, ಆಮೇಲೆ ನೀರಿನ ಟ್ಯಾಂಕು

ಮೈಕ್ರೊಕಂಟ್ರೋಲರ್ ಕಲಿಯಬೇಕು ಎಂದುಕೊಂಡವರ ಕಣ್ಣಿಗೆ ಮೊದಲು ಬೀಳುವುದು ರೋಬೋಟ್ ಕಿಟ್‌ನ ಜಾಹೀರಾತು. ಅವರು ಮೊದಲು ನೋಡಬೇಕಾದದ್ದು ತಮ್ಮ ಮನೆಯ ತಾರಸಿಯನ್ನು.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಬೆಳಗಿನ ಹೊತ್ತು ಒಂದು ಸುತ್ತು ಹಾಕಿ. ಯಾವುದೋ ಮನೆಯ ತಾರಸಿಯಿಂದ ನೀರು ಧೋ ಎಂದು ಬೀಳುತ್ತಿರುತ್ತದೆ. ಎದುರುಮನೆಯವರು ಗೇಟಿನ ಹತ್ತಿರ ನಿಂತು, "ರೀ, ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ, ಮೋಟ್ರು ಆಫ್ ಮಾಡಿ" ಎಂದು ಕೂಗುತ್ತಿರುತ್ತಾರೆ. ಸಂಪಿನಿಂದ ನೀರು ಏರಿಸಲು ಸ್ವಿಚ್ ಹಾಕಿದವರು ಒಲೆ ಮೇಲಿನ ಹಾಲು, ಮಗುವಿನ ಸ್ಕೂಲ್ ವ್ಯಾನು, ಫೋನು ಇವುಗಳ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟಿರುತ್ತಾರೆ.

ಹವ್ಯಾಸಿ ಎಲೆಕ್ಟ್ರಾನಿಕ್ಸ್ ಶುರು ಮಾಡಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಕಂಡಿಲ್ಲ. ಗೆರೆ ಹಿಡಿದು ಓಡುವ ಪುಟ್ಟ ಕಾರನ್ನು ಜೋಡಿಸಿದವರು ಬಹಳ ಮಂದಿ ಇದ್ದಾರೆ. ಆ ಕಾರು ಒಂದೆರಡು ವಾರದಲ್ಲಿ ಅಟ್ಟ ಸೇರುತ್ತದೆ, ಏಕೆಂದರೆ ಅದು ಓಡಲೇಬೇಕೆಂಬ ಗರಜು ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಟ್ಯಾಂಕು ತುಂಬಿದಾಗ ಕೂಗುವ ಪೆಟ್ಟಿಗೆಯ ಕಥೆ ಹಾಗಲ್ಲ. ಅದು ಕೆಟ್ಟ ದಿನವೇ ಅಡುಗೆಮನೆಯಿಂದ ದೂರು ಬರುತ್ತದೆ. ಕಲಿಸುವುದು ಆ ದೂರು. ಮಾರುಕಟ್ಟೆಯಲ್ಲಿ ಇದಕ್ಕೆಂದೇ ಸಿದ್ಧ ಪೆಟ್ಟಿಗೆಗಳು ಸಿಗುತ್ತವಲ್ಲ ಎಂದು ಕೇಳಬಹುದು. ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಉಪ್ಪಿನಕಾಯಿಯೂ ಅಂಗಡಿಯಲ್ಲಿ ಸಿಗುತ್ತದೆ.

ರಾಜನ ಹೆಸರು, ಬಾರಿನ ಹೆಸರು, ಬೋರ್ಡಿನ ಹೆಸರು

ಈ ಹವ್ಯಾಸಕ್ಕೆ ಇಂದು ಎಲ್ಲರೂ ಹಿಡಿಯುವ ದಾರಿ ಆರ್ಡುಯಿನೊ, ಅಂದರೆ ಮೈಕ್ರೊಕಂಟ್ರೋಲರ್ ಎಂಬ ಪ್ರೋಗ್ರಾಮ್ ಮಾಡಬಹುದಾದ ಚಿಪ್ ಕೂರಿಸಿದ ಒಂದು ಬೋರ್ಡು. ಉತ್ತರ ಇಟಲಿಯ ಇವ್ರಿಯಾ ಪಟ್ಟಣ ಒಲಿವೆಟ್ಟಿ ಟೈಪ್‌ರೈಟರುಗಳ ತವರು. ಅಲ್ಲಿನ ಇಂಟರ‍್ಯಾಕ್ಷನ್ ಡಿಸೈನ್ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಮಾಸ್ಸಿಮೊ ಬಾನ್ಸಿ ಮತ್ತು ಸಂಗಡಿಗರು 2005ರಲ್ಲಿ ಈ ಬೋರ್ಡು ಮಾಡಿದರು. ಅವರ ವಿದ್ಯಾರ್ಥಿಗಳು ಎಂಜಿನಿಯರುಗಳಾಗಿರಲಿಲ್ಲ, ವಿನ್ಯಾಸ ಕಲಿಯಲು ಬಂದವರು. ಆಗ ಸಿಗುತ್ತಿದ್ದ ಬೋರ್ಡುಗಳ ಬೆಲೆ ಅವರ ಕೈಗೆ ಎಟುಕುತ್ತಿರಲಿಲ್ಲ. ಅದೇ ಸಂಸ್ಥೆಯಲ್ಲಿ ಓದುತ್ತಿದ್ದ ಕೊಲಂಬಿಯಾದ ಎರ್ನಾಂಡೊ ಬಾರ್ರಗಾನ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ರೂಪಿಸಿದ್ದ 'ವೈರಿಂಗ್' ಎಂಬ ಬೋರ್ಡು ಮತ್ತು ಅದರ ತಂತ್ರಾಂಶ ಇದಕ್ಕೆ ಬುನಾದಿ. ಜನಪ್ರಿಯ ಕಥೆಯಲ್ಲಿ ಅವರಿಗೆ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ. ಬೋರ್ಡಿಗೆ ಹೆಸರು ಬಂದದ್ದು ಆ ಗುಂಪು ಸೇರುತ್ತಿದ್ದ ಬಾರಿನಿಂದ. ಬಾರಿಗೆ ಬಂದದ್ದು 1002ರಲ್ಲಿ ಇಟಲಿಯ ರಾಜನಾದ ಇವ್ರಿಯಾದ ಆರ್ಡುಯಿನನಿಂದ.

ಅವರು ಮಾಡಿದ ದೊಡ್ಡ ಕೆಲಸವೆಂದರೆ ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಸಂಸ್ಥೆಯೇ ಮುಚ್ಚಿಹೋಗುವ ಭಯವಿತ್ತು. ನಕ್ಷೆ ಬಯಲಾದರೆ ಯಾರೂ ಅದನ್ನು ಹೂತುಹಾಕಲಾರರು ಎಂಬ ಲೆಕ್ಕ. ಹಾಗಾಗಿಯೇ ಇಂದು ಅಸಲಿ ಬೋರ್ಡಿನ ಬೆಲೆಯ ಒಂದು ಪಾಲಿಗೆ ಅದರ ತದ್ರೂಪು ಸಿಗುತ್ತದೆ. ಕಲಿಯಲು ತದ್ರೂಪು ಸಾಕು. ಅದರ ಯುಎಸ್‌ಬಿ ಚಿಪ್ ಸಾಮಾನ್ಯವಾಗಿ ಸಿಎಚ್340. ಕೆಲವು ಕಂಪ್ಯೂಟರುಗಳಲ್ಲಿ ಅದಕ್ಕೆ ಬೇರೆ ಡ್ರೈವರ್ ಹಾಕಿಕೊಳ್ಳಬೇಕು, ಅಷ್ಟೇ.

2010ರಲ್ಲಿ ಬಂದ ಯುನೊ ಮಾದರಿಯ ತಲೆ ಎಟಿಮೆಗಾ328ಪಿ ಎಂಬ ಚಿಪ್. ಅದರ ಓಟ ಸೆಕೆಂಡಿಗೆ 1.6 ಕೋಟಿ ಮಿಡಿತ. ಪ್ರೋಗ್ರಾಮ್ ಇಡಲು 32 ಕಿಲೋಬೈಟ್ ಜಾಗ, ಕೆಲಸ ಮಾಡುವಾಗ ನೆನಪಿಟ್ಟುಕೊಳ್ಳಲು ಬರೀ 2 ಕಿಲೋಬೈಟ್. ಯುಟಿಎಫ್-8 ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಗುರುತು ಮೂರು ಬೈಟ್ ತಿನ್ನುತ್ತದೆ. ಈ ಲೇಖನದ ಒಂದು ದೊಡ್ಡ ಪ್ಯಾರಾ ಆ ನೆನಪಿನಲ್ಲಿ ಹಿಡಿಸದು. ಆದರೆ ಟ್ಯಾಂಕು ತುಂಬಿದೆಯೋ ಇಲ್ಲವೋ ಎಂದು ನೆನಪಿಡಲು ಒಂದೇ ಬಿಟ್ ಸಾಕಲ್ಲ.

ಅಂಗಡಿಗೆ ಹೋಗುವ ಮುನ್ನ

'37 ಸೆನ್ಸರುಗಳು ಒಂದೇ ಡಬ್ಬಿಯಲ್ಲಿ' ಎಂಬಂಥ ಕಿಟ್ಟುಗಳಿಗೆ ದುಡ್ಡು ಹಾಕಬೇಡಿ. ಅದರಲ್ಲಿ ಮೂವತ್ತನ್ನು ಯಾರೂ ಮುಟ್ಟುವುದಿಲ್ಲ. ಒಂದು ಬೋರ್ಡು, ಒಂದು ಬ್ರೆಡ್‌ಬೋರ್ಡು, ಒಂದಿಷ್ಟು ಜಂಪರ್ ವೈರು, ಎಲ್‌ಇಡಿ, ರೆಸಿಸ್ಟರ್, ಬಜರ್, ಟ್ರಾನ್ಸಿಸ್ಟರ್, ಕೆಪಾಸಿಟರ್, ಫ್ಲೋಟ್ ಸ್ವಿಚ್ ಇಷ್ಟಿದ್ದರೆ ಟ್ಯಾಂಕಿನ ಕೆಲಸ ಆಗುತ್ತದೆ. ಇವೆಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಮಲ್ಟಿಮೀಟರ್. ಹಳದಿ ಬಣ್ಣದ ಅಗ್ಗದ್ದೇ ಇರಲಿ, ಆದರೆ ತಂತಿಯ ಎರಡು ತುದಿಗೆ ಕಡ್ಡಿ ಮುಟ್ಟಿಸಿದಾಗ 'ಕುಂಯ್' ಎನ್ನುವ ಸೌಲಭ್ಯ ಇರಬೇಕು. ಕೆಲಸ ಮಾಡದ ಹತ್ತು ಸರ್ಕ್ಯೂಟುಗಳಲ್ಲಿ ಹೆಚ್ಚಿನವುಗಳ ರೋಗ ಎಲ್ಲೋ ಕೂಡದ ಒಂದು ತಂತಿ.

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಕಿರಿದಾದ ಅಂಗಡಿಗಳು, ಗೋಡೆ ತುಂಬ ಪುಟ್ಟ ಡ್ರಾಯರುಗಳು, ಎದುರಿಗೆ ಏಕಕಾಲಕ್ಕೆ ಕೇಳುತ್ತಿರುವ ನಾಲ್ಕು ಜನ ಗಿರಾಕಿಗಳು. "ಅಣ್ಣಾ, ಟೂ ಟ್ವೆಂಟಿ ಓಮ್ಸ್, ಕ್ವಾರ್ಟರ್ ವ್ಯಾಟ್, ಒಂದು ಹತ್ತು ಕೊಡಿ" ಎಂದು ಬೆಲೆಯ ಮಾತಿಗೆ ಮುಂಚೆ ಅಳತೆಯ ಮಾತು ಹೇಳಬೇಕು. 'ಒಂದು ರೆಸಿಸ್ಟರ್ ಕೊಡಿ' ಎಂದರೆ ಅಂಗಡಿಯವರು ಮುಂದಿನ ಗಿರಾಕಿಯತ್ತ ತಿರುಗುತ್ತಾರೆ. ಬೇರೆ ಊರಲ್ಲಿರುವವರಿಗೆ ಆನ್‌ಲೈನ್ ಅಂಗಡಿಗಳಿವೆ. ಪಾರ್ಸೆಲ್ ಬರುವವರೆಗೆ ಕಾಯಲಾರದವರು ವೊಕ್ವಿ ಅಥವಾ ಟಿಂಕರ್‌ಕ್ಯಾಡ್‌ನಲ್ಲಿ ಬ್ರೌಸರಿನೊಳಗೇ ಬೋರ್ಡು ಜೋಡಿಸಿ ಪುಕ್ಕಟೆಯಾಗಿ ಓಡಿಸಿ ನೋಡಬಹುದು. ಮಕ್ಕಳಿದ್ದರೆ ಅವರ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ವಿಚಾರಿಸಿ. ನೀತಿ ಆಯೋಗದ ಈ ಯೋಜನೆಯಲ್ಲಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿತ್ತು. ಅದರಿಂದ ಕೊಂಡ ಸಾಮಾನು ಇರುವ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುವ ಪೋಷಕರು ಬೇಕು.

ಮೊದಲ ಸಂಜೆಯ ಕೆಲಸ ಒಂದು ದೀಪ ಹೊತ್ತಿಸುವುದು. ಯುನೊದ 13ನೇ ಪಿನ್ನಿಗೆ ಬೋರ್ಡಿನ ಮೇಲೆಯೇ ಒಂದು ಪುಟ್ಟ ಎಲ್‌ಇಡಿ ಕೂತಿದೆ. ಆರ್ಡುಯಿನೊ ತಂತ್ರಾಂಶದ ಉದಾಹರಣೆಗಳಲ್ಲಿರುವ 'ಬ್ಲಿಂಕ್' ಪ್ರೋಗ್ರಾಮನ್ನು ಬೋರ್ಡಿಗೆ ಏರಿಸಿದರೆ ಆ ದೀಪ ಒಂದು ಸೆಕೆಂಡು ಹೊತ್ತಿ, ಒಂದು ಸೆಕೆಂಡು ಆರಿರುತ್ತದೆ. ಕಂಪ್ಯೂಟರಿಗೆ ಬೋರ್ಡೇ ಕಾಣುತ್ತಿಲ್ಲವೆಂದರೆ ಮೊದಲು ಕೇಬಲ್ ಬದಲಿಸಿ. ಫೋನ್ ಚಾರ್ಜ್ ಮಾಡುವ ಎಷ್ಟೋ ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ.

ಆಮೇಲೆ ಅದೇ ದೀಪವನ್ನು ಹೊರಗೆ, ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ. ಇಲ್ಲಿ ಓಮ್‌ನ ನಿಯಮ ಬೇಕು; ತಾರಸಿಯ ಟ್ಯಾಂಕೇ ಅದನ್ನು ಹೇಳಿಕೊಡುತ್ತದೆ. ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟೇಜ್, ನಲ್ಲಿಯಿಂದ ಬೀಳುವ ನೀರು ಕರೆಂಟ್, ನಲ್ಲಿಯನ್ನು ಎಷ್ಟು ಬಿಗಿ ಮಾಡಿದ್ದೀರಿ ಎಂಬುದು ರೆಸಿಸ್ಟೆನ್ಸ್. ಪಿನ್ನು ಕೊಡುವುದು 5 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಈ ಚಿಪ್ಪಿನ ಒಂದು ಪಿನ್ನಿಗೆ 20ರೊಳಗೆ ಇದ್ದರೆ ಕ್ಷೇಮ, 40 ದಾಟಿದರೆ ಸಾವು. ಕೆಂಪು, ಕೆಂಪು, ಕಂದು ಪಟ್ಟೆಯ ಆ ರೆಸಿಸ್ಟರ್ ಹಾಕುವುದು ಈ ಕಾರಣಕ್ಕೆ. ಅದಿಲ್ಲದೆಯೂ ದೀಪ ಹೊತ್ತುತ್ತದೆ, ಒಮ್ಮೊಮ್ಮೆ ಬಹಳ ಹೊತ್ತು. ಹೊಸಬರನ್ನು ದಾರಿ ತಪ್ಪಿಸುವುದು ಆ 'ಬಹಳ ಹೊತ್ತು'.

ಬ್ರೆಡ್‌ಬೋರ್ಡಿನಲ್ಲಿ ಅಡ್ಡಸಾಲಿನ ಐದೈದು ತೂತುಗಳು ಒಳಗೇ ಕೂಡಿಕೊಂಡಿವೆ, ನಡುವಿನ ಕಾಲುವೆಯ ಆಚೆಯವು ಬೇರೆ. ಅಂಚಿನ ಉದ್ದ ಪಟ್ಟಿಗಳು ಕೆಲವು ದೊಡ್ಡ ಬೋರ್ಡುಗಳಲ್ಲಿ ನಡುವೆ ತುಂಡಾಗಿರುತ್ತವೆ. ಮೀಟರ್ ಹಿಡಿದು ಕುಂಯ್ ಎನ್ನುತ್ತದೆಯೇ ನೋಡಿಯೇ ಮುಂದಿನ ಮಾತು.

ತಂತಿ ಕಡಿದರೂ ಕೂಗಬೇಕು

ನೀರಿನ ಮಟ್ಟ ಅರಿಯಲು ಎರಡು ಬರಿ ತಂತಿಗಳನ್ನು ಟ್ಯಾಂಕಿಗೆ ಇಳಿಬಿಡುವುದು ಹಳೆಯ ಪದ್ಧತಿ. ಒಂದೇ ದಿಕ್ಕಿನ ಕರೆಂಟು ನೀರಿನಲ್ಲಿ ಹರಿಯುತ್ತಲೇ ಇದ್ದರೆ ತಂತಿಯ ಒಂದು ತುದಿ ಕರಗುತ್ತ, ಹಸಿರುಗಟ್ಟುತ್ತ ಹೋಗುತ್ತದೆ. ಕುಡಿಯುವ, ತೊಳೆಯುವ ನೀರಿಗೆ ತಾಮ್ರ ಕರಗಿಸುವುದು ಯಾರಿಗೂ ಬೇಡ. ಶಬ್ದದ ಅಲೆ ಕಳಿಸಿ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ನೋಡಲು ಚೆಂದ, ಆದರೆ ಮುಚ್ಚಿದ ಟ್ಯಾಂಕಿನ ಆವಿ ಅದರ ಬಾಯಿಗೆ ಕಟ್ಟಿಕೊಳ್ಳುತ್ತದೆ. ಫ್ಲೋಟ್ ಸ್ವಿಚ್ಚೇ ಸರಿ. ತೇಲುವ ಬಿಲ್ಲೆಯೊಳಗೆ ಆಯಸ್ಕಾಂತ, ಕಡ್ಡಿಯೊಳಗೆ ಗಾಜಿನ ಕೊಳವೆಯಲ್ಲಿ ಮುಚ್ಚಿದ ರೀಡ್ ಸ್ವಿಚ್. ನೀರಿಗೂ ಕರೆಂಟಿಗೂ ಸಂಬಂಧವೇ ಇಲ್ಲ.

ಅದರ ಒಂದು ತಂತಿ ಬೋರ್ಡಿನ 2ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಪಿನ್ನನ್ನು 5 ವೋಲ್ಟಿನತ್ತ ಎಳೆದಿಡುವ ಅದರ ಒಳಗಿನ ಪುಲ್‌ಅಪ್ ರೆಸಿಸ್ಟರನ್ನು ಪ್ರೋಗ್ರಾಮಿನಲ್ಲಿ ಆನ್ ಮಾಡಿದರೆ ಸ್ವಿಚ್ ತೆರೆದಿದ್ದಾಗ ಪಿನ್ನು 'ಹೈ', ಮುಚ್ಚಿದಾಗ 'ಲೋ'. ಈಗ ಒಂದು ಪ್ರಶ್ನೆ. ಟ್ಯಾಂಕು ತುಂಬಿದಾಗ ಸ್ವಿಚ್ ಮುಚ್ಚಬೇಕೆ, ತೆರೆಯಬೇಕೆ? ಮುಚ್ಚಲಿ ಎನ್ನುವುದು ಎಲ್ಲರ ಮೊದಲ ಉತ್ತರ. ಆದರೆ ತಾರಸಿಯ ಬಿಸಿಲಿಗೆ ತಂತಿಯ ಪ್ಲಾಸ್ಟಿಕ್ ಸಿಡಿದು, ಇಲಿಯೋ ಅಳಿಲೋ ಕಡಿದು ತುಂಡಾದ ದಿನ ಪೆಟ್ಟಿಗೆ ಸುಮ್ಮನೆ ಕೂರುತ್ತದೆ. ಟ್ಯಾಂಕು ತುಂಬಿಲ್ಲ ಎಂದೇ ಅದರ ನಂಬಿಕೆ. ತಿರುವುಮುರುವು ಮಾಡಿ: ತುಂಬದಿರುವಾಗ ಮುಚ್ಚಿರಲಿ, ತುಂಬಿದಾಗ ತೆರೆಯಲಿ. ಆಗ ತಂತಿ ಕಡಿದರೂ ಬಜರ್ ಕೂಗುತ್ತದೆ. ಬಹುತೇಕ ಸಣ್ಣ ಫ್ಲೋಟ್ ಸ್ವಿಚ್ಚುಗಳಲ್ಲಿ ಇದಕ್ಕೆ ಬಿಲ್ಲೆಯನ್ನು ಕಡ್ಡಿಯಿಂದ ತೆಗೆದು ಉಲ್ಟಾ ಹಾಕಿದರೆ ಆಯಿತು. ಎಲೆಕ್ಟ್ರಾನಿಕ್ಸ್‌ನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕೆಲಸ ಮಾಡುವ ಸರ್ಕ್ಯೂಟನ್ನು ಯಾರಾದರೂ ಕಟ್ಟಬಹುದು, ಅದು ಹೇಗೆ ಕೆಡಬೇಕೆಂಬುದನ್ನೂ ನಾವೇ ತೀರ್ಮಾನಿಸುವುದರಲ್ಲಿ ರುಚಿಯಿದೆ.

ಪ್ರೋಗ್ರಾಮು ಹತ್ತಿಪ್ಪತ್ತು ಸಾಲು. ನೀರು ಧುಮುಕುವಾಗ ಅಲೆಯೆದ್ದು ಬಿಲ್ಲೆ ಕುಣಿಯುತ್ತದೆ, ಆದ್ದರಿಂದ ಪಿನ್ನು ಮೂರು ಸೆಕೆಂಡು ಬಿಡದೆ 'ಹೈ' ಇದ್ದರೆ ಮಾತ್ರ ತುಂಬಿದೆ ಎಂದು ಒಪ್ಪಿಕೊಳ್ಳಲಿ. ಮೋಟಾರು ನಿಲ್ಲಿಸಿದ ಮೇಲೂ ಟ್ಯಾಂಕು ತುಂಬಿಯೇ ಇರುತ್ತದಲ್ಲ, ಬಜರ್ ಕೂಗುತ್ತಲೇ ಇದ್ದರೆ ಮನೆಯವರು ಪೆಟ್ಟಿಗೆಯನ್ನೇ ಕಿತ್ತೆಸೆದಾರು. ಒಂದು ನಿಮಿಷ ಕೂಗಿ ಸುಮ್ಮನಾಗಲಿ, ಕೆಂಪು ದೀಪ ಮಾತ್ರ ಉರಿಯುತ್ತಿರಲಿ. ಟ್ಯಾಂಕು ಖಾಲಿಯಾದರೂ ಆ ದೀಪ ಆರದಿದ್ದರೆ ತಂತಿ ಹೋಗಿದೆ ಎಂದರ್ಥ. ಕಾಯಲು 'ಡಿಲೇ' ಬಳಸಿದರೆ ಅಷ್ಟು ಹೊತ್ತು ಚಿಪ್ ಬೇರೇನನ್ನೂ ನೋಡುವುದಿಲ್ಲ. 'ಮಿಲ್ಲಿಸ್' ಎಂಬ ಎಣಿಕೆಯನ್ನು ನೋಡಿಕೊಳ್ಳುವುದು ವಾಸಿ. ಆ ಎಣಿಕೆ ಸುಮಾರು 50 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದು ಹೋಲಿಸುವ ರೂಢಿ ಮಾಡಿಕೊಂಡರೆ ಅದರಿಂದ ತೊಂದರೆಯಿಲ್ಲ.

ಬಜರನ್ನು ನೇರ ಪಿನ್ನಿಗೆ ಕಟ್ಟದೆ ನಡುವೆ ಬಿಸಿ547 ಟ್ರಾನ್ಸಿಸ್ಟರ್ ಹಾಕಿ, ಅದರ ಬೇಸ್‌ಗೆ 1 ಕಿಲೋಓಮ್. ಡಿಪ್ಲೊಮಾ ಓದಿದವರೆಲ್ಲರ ಹಳೆಯ ಗೆಳೆಯ ಆ ಬಿಸಿ547.

ಮೇಜಿನ ಮೇಲೆ ಸರಿಯಿದ್ದದ್ದು ತಾರಸಿಗೆ ಹೋದಾಗ ಹುಚ್ಚು ಹಿಡಿಯುವುದುಂಟು. ಮೂರು ಮಹಡಿ ಇಳಿದು ಬರುವ ತಂತಿ ಆಂಟೆನಾದಂತೆ ವರ್ತಿಸುತ್ತದೆ. ಮೋಟಾರು ಆನ್ ಆದ ಕ್ಷಣದ ಗದ್ದಲವೆಲ್ಲ ಅದರೊಳಗೆ ಬರುತ್ತದೆ. ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್‌ನಷ್ಟು ದುರ್ಬಲ. ಹೊರಗಿನಿಂದ ಪಿನ್ನಿಗೂ 5 ವೋಲ್ಟಿಗೂ ನಡುವೆ 1 ಕಿಲೋಓಮ್, ಪಿನ್ನಿಗೂ ಗ್ರೌಂಡಿಗೂ ನಡುವೆ '104' ಎಂದು ಬರೆದ ಕೆಪಾಸಿಟರ್ ಹಾಕಿ. 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೋಫ್ಯಾರಡ್, ಅಂದರೆ 0.1 ಮೈಕ್ರೊಫ್ಯಾರಡ್.

230 ವೋಲ್ಟಿನ ಗಡಿ

ಇಲ್ಲಿಗೆ ಬಂದವರು ತಪ್ಪದೆ ಕೇಳುವುದು, ಮೋಟಾರನ್ನೇ ತಾನಾಗಿ ನಿಲ್ಲಿಸಬಾರದೇಕೆ ಎಂದು. ಮೊದಲ ಯೋಜನೆಯಲ್ಲಿ ಬೇಡ. ಚಿಪ್ಪಿನ ಆಜ್ಞೆಯಂತೆ ಮೋಟಾರಿನ ಕರೆಂಟನ್ನು ಕೂಡಿಸಿ ಬಿಡಿಸುವ ನೀಲಿ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿದೆ, 1 ಎಚ್‌ಪಿ ಮೋಟಾರು ಓಡುವಾಗ ಎಳೆಯುವುದು ಅದಕ್ಕಿಂತ ಕಡಿಮೆ, ನಿಜ. ಆದರೆ ಹೊರಡುವ ಕ್ಷಣದಲ್ಲಿ ಅದು ಹಲವು ಪಟ್ಟು ಎಳೆಯುತ್ತದೆ. ರಿಲೇಯ ಪುಟ್ಟ ತುಟಿಗಳು ಬೆಸೆದುಹೋಗುತ್ತವೆ, ಆಮೇಲೆ ಚಿಪ್ ಎಷ್ಟು 'ಆಫ್' ಎಂದರೂ ಮೋಟಾರು ಓಡುತ್ತಲೇ ಇರುತ್ತದೆ. ಆ ಕೆಲಸಕ್ಕೆ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇ ಬೇಕು, ಅದನ್ನು ಕೂರಿಸಲು ಎಲೆಕ್ಟ್ರಿಷಿಯನ್ ಬೇಕು. 5 ವೋಲ್ಟಿನಲ್ಲಿ ಮಾಡಿದ ತಪ್ಪಿಗೆ ಚಿಪ್ ಸಾಯುತ್ತದೆ. 230 ವೋಲ್ಟಿನಲ್ಲಿ ಹಾಗಲ್ಲ.

ಫೋನಿಗೆ ಸಂದೇಶ ಬರಲಿ ಎನ್ನುವವರಿಗೆ ಶಾಂಘೈನ ಎಸ್ಪ್ರೆಸ್ಸಿಫ್ ಕಂಪನಿಯ ಇಎಸ್‌ಪಿ32 ಇದೆ. ವೈಫೈ ಒಳಗೇ ಇದೆ, ಬೆಲೆಯೂ ಹಗುರ. ಅದು 3.3 ವೋಲ್ಟಿನ ಜೀವಿ, 5 ವೋಲ್ಟಿನ ಸೆನ್ಸರನ್ನು ನೇರ ಕಟ್ಟಬೇಡಿ. ಮೂಲ ಇಎಸ್‌ಪಿ32ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ. ಆರ್‌ಸಿಸಿ ತಾರಸಿ ದಾಟುವಷ್ಟರಲ್ಲಿ ಆ ಸಿಗ್ನಲ್ಲೂ ಸೊರಗಿರುತ್ತದೆ, ಹಾಗಾಗಿ ಬೋರ್ಡು ಕೆಳಗೇ ಇರಲಿ. ಅಡುಗೆಮನೆಯ ಗೋಡೆಗೆ 16 ಅಕ್ಷರ, 2 ಸಾಲಿನ ಅಗ್ಗದ ಎಲ್‌ಸಿಡಿ ಹಾಕಿ ಕನ್ನಡದಲ್ಲಿ ಬರೆಸಬೇಕೆಂಬ ಆಸೆ ನನ್ನಂತೆ ಹಲವರಿಗೆ ಬಂದೀತು. ಅದರಲ್ಲಿ ನಾವೇ ಚಿತ್ರಿಸಿಕೊಳ್ಳಬಹುದಾದ ಅಕ್ಷರಗಳು ಎಂಟೇ, ಒಂದೊಂದಕ್ಕೂ 5 ಅಡ್ಡ, 8 ಉದ್ದ ಚುಕ್ಕೆಗಳ ಜಾಗ. 'ನೀರು' ಹೇಗೋ ಹಿಡಿಸುತ್ತದೆ. ಒತ್ತಕ್ಷರ ಬಂದರೆ ಕಾಲು ಚಾಚಲು ಜಾಗವಿಲ್ಲ.

ಎಲ್ಲ ಸರಿಯಾದ ಮೇಲೆ ಬ್ರೆಡ್‌ಬೋರ್ಡನ್ನು ಬಿಟ್ಟು ಪರ್ಫ್‌ಬೋರ್ಡಿನ ಮೇಲೆ ಬೆಸುಗೆ ಹಾಕಿ. 25 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ಸೀಸದ ತಂತಿ ಸಾಕು. ಐರನ್ನಿನ ತುದಿಗೆ ಸೀಸ ಹಚ್ಚಿಕೊಂಡು ಮೆತ್ತಬೇಡಿ. ಮೊದಲು ಜೋಡಣೆಯ ಜಾಗ ಕಾಯಲಿ, ಸೀಸ ತಾನಾಗಿ ಹರಿಯಲಿ. ಕಿಟಕಿ ತೆಗೆದಿಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ಪೆಟ್ಟಿಗೆಯ ತೂತುಗಳನ್ನು ಮುಚ್ಚದಿದ್ದರೆ ಇರುವೆ ಸಂಸಾರ ಹೂಡುತ್ತದೆ. ಯಾವ ತಂತಿ ಯಾವ ಪಿನ್ನಿಗೆ ಎಂದು ಬರೆದ ಚೀಟಿಯನ್ನು ಮುಚ್ಚಳದ ಒಳಬದಿಗೆ ಅಂಟಿಸಿ.

ಮುಂದಿನದು ಸಂಪು. ಅಲ್ಲಿ ನೀರು ತಳ ಕಂಡಾಗ ಎಚ್ಚರಿಸಬೇಕು, ಇಲ್ಲವಾದರೆ ಮೋಟಾರು ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಅದೇ ಬೋರ್ಡು, 3ನೇ ಪಿನ್ನು, ಇನ್ನೊಂದು ಫ್ಲೋಟ್ ಸ್ವಿಚ್. ತಂತಿ ಕಡಿದರೆ ಪೆಟ್ಟಿಗೆ 'ನೀರಿಲ್ಲ' ಎನ್ನಬೇಕು. ಹಾಗಾಗಿ ಇಲ್ಲಿ ನೀರಿದ್ದಾಗ ಸ್ವಿಚ್ ಮುಚ್ಚಿರಬೇಕು, ಬಿಲ್ಲೆಯನ್ನು ಟ್ಯಾಂಕಿನದಕ್ಕೆ ಉಲ್ಟಾ ಹಾಕಿ.